ಆ ಒಂದು ಕೂಗು

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ಅಕ್ಟೋಬರ್ 2. ವಿಜಯದಶಮಿ, ಗಾಂಧಿ ಜಯಂತಿ ಎರಡೂ ಒಂದೇ ದಿನ ಬಂದಿದ್ದವು. ಹಿಂದಿನ ದಿನ ಆಯುಧಪೂಜೆಗೆ ಒಡೆದ ಬೂದುಗುಂಬಳಕಾಯಿ ತುಮಕೂರಿನ ರಸ್ತೆಗಳಲ್ಲಿ ಇನ್ನೂ ಹಾಗೇ ಬಿದ್ದಿತ್ತು. ಅದನ್ನು ದಾಟಿಕೊಂಡು ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗ ಬೆಳಿಗ್ಗೆ ಬೆಳಿಗ್ಗೆಯೇ ಥಿಯೇಟರ್ ಮುಂದೆ ಹೋಗಿ ನಿಂತೆವು. ‘ಕಾಂತಾರ ಅಧ್ಯಾಯ 1’ ಬಿಡುಗಡೆಯ ದಿನ ಅದು.

ಹಿಂದಿನ ರಾತ್ರಿಯೇ ಪ್ರೀಮಿಯರ್ ನೋಡಿ ಬಂದಿದ್ದ ಒಬ್ಬ ಹುಡುಗ ಕ್ಯೂ ಪಕ್ಕದಲ್ಲಿ ಟೀ ಕುಡಿಯುತ್ತಾ ನಿಂತಿದ್ದ. ಅವನು ಬಾಯಿ ತೆರೆದರೆ ಸಾಕು, ನಾಲ್ಕು ಜನ ಒಟ್ಟಿಗೆ ಕೂಗುತ್ತಿದ್ದರು: "ಕಥೆ ಮಾತ್ರ ಹೇಳಬೇಡಪ್ಪಾ!" ಪಾಪ, ಅವನಿಗೆ ಹೇಳದೆ ಇರಲಾಗುತ್ತಿರಲಿಲ್ಲ.

ಈ ಕಾಯುವಿಕೆ ಶುರುವಾಗಿದ್ದು ಮೂರು ವರ್ಷದ ಹಿಂದೆ. 2022ರ ಸೆಪ್ಟೆಂಬರ್ 30ಕ್ಕೆ ಮೊದಲ ‘ಕಾಂತಾರ’ ಬಂದಾಗ ಅದು ಕನ್ನಡದಲ್ಲಿ ಮಾತ್ರ ಇತ್ತು. ಒಬ್ಬರು ನೋಡಿ ಇನ್ನೊಬ್ಬರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ ಹೇಳಿದರು. ಎರಡು ವಾರದಲ್ಲಿ ಹಿಂದಿಗೂ ತೆಲುಗಿಗೂ ಹೋಯಿತು. ಆಮೇಲೆ ತುಳುವಿಗೂ ಬಂತು. ರಿಷಬ್ ಶೆಟ್ಟರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ಅಂಥ ಸಿನಿಮಾದ ಮುಂದಿನ ಭಾಗ ಅಂದರೆ ನಿರೀಕ್ಷೆ ಎಷ್ಟಿರಬೇಡ? ಅದರಲ್ಲೂ ಎರಡನೆಯದಾಗಿ ಬರುವ ಸಿನಿಮಾಕ್ಕೆ ‘ಅಧ್ಯಾಯ 1’ ಅಂತ ಯಾಕೆ ಹೆಸರು? ಇದು ಕದಂಬರ ಕಾಲದ ಕಥೆ, ಮೊದಲು ನಡೆದದ್ದನ್ನು ಆಮೇಲೆ ಹೇಳುತ್ತಿದ್ದಾರೆ ಅಂತ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ನಾನೇ ಎಷ್ಟು ಸಲ ಬಿಡಿಸಿ ಹೇಳಿದ್ದೇನೋ!

ಟಿಕೆಟ್ ದರದ ಜಗಳ ಬೇರೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ ಅಂತ ಆದೇಶ ಮಾಡಿತ್ತು. ಕೆಲವೇ ದಿನಗಳಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ದೊಡ್ಡ ಸಿನಿಮಾ ಮಾಡಲು ದುಡ್ಡು ಬೇಕು, ನಿಜ. ಆದರೆ ಮನೆಮಂದಿಯೆಲ್ಲ ಸಿನಿಮಾಕ್ಕೆ ಹೊರಟರೆ ಒಂದು ವಾರದ ದಿನಸಿ ದುಡ್ಡು ಖಾಲಿಯಾಗುತ್ತದೆ. ನಾನಂತೂ 200 ರೂಪಾಯಿಯ ಪರವಾಗಿಯೇ ವಾದ ಮಾಡಿದೆ, ಈಗಲೂ ಮಾಡುತ್ತೇನೆ.

ಇರಲಿ. ನಾನು ಇವತ್ತು ಹೇಳಬೇಕು ಅಂದುಕೊಂಡಿದ್ದು ಬೇರೆಯದೇ ವಿಷಯ.

ಸಿನಿಮಾ ಮುಗಿಸಿ ಹೊರಗೆ ಬಂದಾಗ ಮೆಟ್ಟಿಲ ಮೇಲೆ ಹತ್ತು ಹದಿನೈದು ಹುಡುಗರು "ಓ..." ಅಂತ ಕೂಗಿದರು. ಹೌದು, ಕರಾವಳಿಯವರು ಪೂಜಿಸುವ ದೈವ ತೆರೆಯ ಮೇಲೆ ಕೂಗುವ ಹಾಗೆ. ನನ್ನ ಮಗನೂ ಕೂಗಿದ. ನಾನು ನಕ್ಕೆ. ಮನೆಗೆ ಬಂದ ಮೇಲೂ ಅದೇ. ಬಚ್ಚಲಲ್ಲಿ ಕೂಗು, ಊಟಕ್ಕೆ ಕರೆದರೆ ಕೂಗು.

ಮರುದಿನ ಆಫೀಸಿನಲ್ಲಿ ಚರ್ಚೆ ಜೋರಾಗಿಯೇ ನಡೆಯಿತು. ಮೊದಲನೆಯದೇ ಚೆನ್ನಾಗಿತ್ತು, ಅದರಲ್ಲಿ ಮಣ್ಣಿನ ವಾಸನೆ ಇತ್ತು ಅಂತ ಒಬ್ಬರು. ಇಷ್ಟು ದೊಡ್ಡ ಮಟ್ಟದಲ್ಲಿ ಕನ್ನಡದವರು ಸಿನಿಮಾ ಮಾಡಿದ್ದಾರಲ್ಲ, ಅದೇ ಹೆಮ್ಮೆ ಅಂತ ಇನ್ನೊಬ್ಬರು. ನನಗೆ ಕೇಳಿದರೆ ಮೊದಲನೆಯದೇ ಹತ್ತಿರ. ಕಾಡು ಯಾರದು, ಜಮೀನು ಯಾರದು ಅಂತ ಕೇಳುವ ಆ ಸಣ್ಣ ಊರು, ಆ ಕಂಬಳದ ಗದ್ದೆ ನನಗೆ ರಾಜರ ಅರಮನೆಗಿಂತ ಜಾಸ್ತಿ ಹಿಡಿಸಿತ್ತು. ಹೀಗೇ ಮಾತು ಸಾಗುತ್ತಿದ್ದಾಗ ಮಗನ ಕೂಗಿನ ವಿಷಯ ಹೇಳಿ, ನಾನೂ ಒಂದು ಸಲ ಸಣ್ಣಗೆ ಕೂಗಿ ತೋರಿಸಿದೆ.

ನಮ್ಮ ಜೊತೆ ಉಡುಪಿ ಕಡೆಯವರೊಬ್ಬರು ಇದ್ದಾರೆ. ಅಲ್ಲಿಯವರೆಗೆ ನಗುತ್ತಲೇ ಇದ್ದವರು ಟೀ ಲೋಟ ಕೆಳಗಿಟ್ಟರು. "ಹಾಗೆ ಸುಮ್ನೆ ಕೂಗುವುದಲ್ಲ ಮಾರಾಯ್ರೆ. ನಮಗೆ ಅದು ಸಿನಿಮಾ ಅಲ್ಲ" ಅಂದರು. ಅಷ್ಟೇ. ಸಿಟ್ಟು ಇರಲಿಲ್ಲ, ಆದರೆ ಮುಖ ಬಾಡಿತ್ತು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಅದಾದ ಕೆಲವೇ ದಿನಕ್ಕೆ ದೈವದ ವೇಷ ಹಾಕಿಕೊಂಡು ಥಿಯೇಟರಿಗೆ ಬಂದವರ ವಿಡಿಯೋಗಳು ಓಡಾಡಿದವು. ಹಾಗೆ ಮಾಡಬೇಡಿ ಅಂತ ಚಿತ್ರತಂಡವೇ ಮನವಿ ಮಾಡಿಕೊಂಡಿತು. ತೆರೆಯ ಮೇಲೆ ತೋರಿಸಿದ್ದೇ ತಪ್ಪು ಅಂತ ಕರಾವಳಿಯಲ್ಲಿ ಕೆಲವರು ಹೇಳಿದರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ ಸಿನಿಮಾ ಬರದಿದ್ದರೆ ಪಂಜುರ್ಲಿ, ಗುಳಿಗ ಅನ್ನುವ ದೈವಗಳ ಹೆಸರೂ ನಮ್ಮ ಕಡೆ ಎಷ್ಟೋ ಜನರಿಗೆ ಗೊತ್ತಿರುತ್ತಿರಲಿಲ್ಲ. ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಅಂತ ಸರ್ಕಾರ ಘೋಷಿಸಿದ್ದು ಕೂಡ 2022ರಲ್ಲಿ, ಮೊದಲ ‘ಕಾಂತಾರ’ ಓಡುತ್ತಿದ್ದಾಗಲೇ.

ಡಿಸೆಂಬರಿನಲ್ಲಿ ಉಡುಪಿ ಕಡೆಯ ಅದೇ ಸ್ನೇಹಿತರು ತಮ್ಮ ತರವಾಡು ಮನೆಯ, ಅಂದರೆ ಕುಟುಂಬದ ಮೂಲಮನೆಯ ಕೋಲಕ್ಕೆ ನಮ್ಮನ್ನು ಕರೆದರು. ಕೋಲ ಅಂದರೆ ದೈವದ ವೇಷ ಕಟ್ಟಿ ನಡೆಸುವ ಆರಾಧನೆ. ಹೋದೆವು. ಸಂಜೆಯಿಂದಲೇ ಅಂಗಳದ ಮೂಲೆಯಲ್ಲಿ ಎಳೆ ತೆಂಗಿನಗರಿ ಸೀಳಿ ಉಡುಗೆ ಸಿದ್ಧ ಮಾಡುತ್ತಿದ್ದರು. ವೇಷ ಕಟ್ಟುವವರು ಐವತ್ತು ದಾಟಿದ ಸಣಕಲು ಮನುಷ್ಯ. ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವಾಗ ಒಂದು ಮಾತೂ ಆಡಲಿಲ್ಲ. ಒಬ್ಬ ಹೆಂಗಸು ತೆಂಬರೆ ಅನ್ನುವ ಸಣ್ಣ ವಾದ್ಯ ಬಡಿಯುತ್ತಾ, ದೈವದ ಕಥೆ ಹೇಳುವ ತುಳು ಹಾಡು ಪಾಡ್ದನ ಹೇಳುತ್ತಿದ್ದರು. ತುಳು ನನಗೆ ತಿಳಿಯುವುದಿಲ್ಲ. ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ. ಗಗ್ಗರ, ಅಂದರೆ ಕಾಲಿಗೆ ಕಟ್ಟುವ ದೊಡ್ಡ ಗೆಜ್ಜೆ, ಕಟ್ಟುವ ಮೊದಲು ವೇಷ ಕಟ್ಟಿದವರು ಅದನ್ನು ಕೈಯಲ್ಲಿ ಹಿಡಿದು ಸುತ್ತ ನಿಂತವರ ಅಪ್ಪಣೆ ಕೇಳಿದರು. ಆಮೇಲೆ, ರಾತ್ರಿ ಎಷ್ಟೋ ಹೊತ್ತಿಗೆ, ಆ ಕೂಗು ಬಂತು.

ಇಲ್ಲಿ ಸ್ಪೀಕರ್ ಇರಲಿಲ್ಲ. ಒಬ್ಬ ಮನುಷ್ಯನ ಗಂಟಲು, ಅಷ್ಟೇ. ಅಂಗಳದಲ್ಲಿ ಯಾರೂ ತಿರುಗಿ ಕೂಗಲಿಲ್ಲ. ಅಜ್ಜಿಯೊಬ್ಬರು ಸೆರಗು ಸರಿಮಾಡಿಕೊಂಡು ಕೈಮುಗಿದರು. ನನ್ನ ಮಗ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದ ಅಂದರೆ ಬೆರಳು ನೋಯುತ್ತಿತ್ತು. ಬೆಳಗಿನ ಜಾವ ಎಲ್ಲ ಮುಗಿದ ಮೇಲೆ ವೇಷ ಕಳಚಿ ಕೂತಿದ್ದ ಅವರ ಹತ್ತಿರ ಹೋಗಿ ಮಾತಾಡಿಸಿದೆವು. ಅವರು ನಕ್ಕು, ನನ್ನ ಮಗನಿಗೆ ಬಾಳೆಹಣ್ಣು ಕೊಟ್ಟರು. ಕಾಲಿನ ಮಣಿಗಂಟಿನ ಸುತ್ತ ಚರ್ಮ ಕೆಂಪಾಗಿತ್ತು.

ತುಮಕೂರಿಗೆ ಬಂದ ವಾರಕ್ಕೆ ಪಕ್ಕದ ಮನೆಯ ಹುಡುಗ ಗೇಟಿನ ಹತ್ತಿರ ನಿಂತು "ಓ..." ಅಂದ. ಕಿಟಕಿಯಿಂದ ನೋಡಿದೆ. ನನ್ನ ಮಗ ಅವನ ಜೊತೆ ಕೂಗಲಿಲ್ಲ. ಕೆಳಗೆ ಕೂತು, ಎರಡೂ ಕೈಯಿಂದ ತನ್ನ ಕಾಲು ಹಿಡಿದುಕೊಂಡು, ಗಗ್ಗರ ಎಲ್ಲಿ ಕಟ್ಟುತ್ತಾರೆ, ಕಟ್ಟಿದರೆ ಎಲ್ಲಿ ಕೆಂಪಾಗುತ್ತದೆ ಅಂತ ತೋರಿಸುತ್ತಿದ್ದ.

ನಮಸ್ಕಾರ.