ಫೋನಿನ ಗಾಜಿನಲ್ಲಿ ಸಿಂಧೂ ನದಿ

(ದೃಶ್ಯ: ಫೋನಿನ ಪರದೆ ಉಜ್ಜುತ್ತಿರುವ ಬೆರಳು)

ನಮಸ್ಕಾರ. ಈಗ ನೀವು ಬೆರಳಾಡಿಸುತ್ತಿರುವ ಟಚ್‌ಸ್ಕ್ರೀನ್ ಇದೆಯಲ್ಲ, ಅಂಥ ಬಹುಪಾಲು ಪರದೆಗಳಲ್ಲಿ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಒಂದು ಲೇಪ ಇರುತ್ತೆ. ಅದರಲ್ಲಿ ತವರದ ಜೊತೆ ಬೆರೆತಿರುವ ಲೋಹ ಇಂಡಿಯಮ್. ಆ ಹೆಸರಿನ ಜಾಡು ಹಿಡಿದು ಹೋದರೆ ಸಿಗೋದು ನದಿ. ನಮ್ಮ ಸಿಂಧು.

(ದೃಶ್ಯ: ಭೂಪಟ, ಸಿಂಧೂ ನದಿಯಿಂದ ರೋಮ್‌ವರೆಗೆ ಗೆರೆ)

'ಸಿಂಧು' ಪರ್ಷಿಯನ್ನರ ಬಾಯಿಗೆ ಬಿದ್ದು 'ಹಿಂದು' ಆಯ್ತು. ಸುಮಾರು 2,500 ವರ್ಷ ಹಿಂದಿನ ಪರ್ಷಿಯಾದ ದೊರೆ ಡೇರಿಯಸ್‌ನ ಶಾಸನದಲ್ಲಿ ಈ ಪ್ರಾಂತ್ಯದ ಹೆಸರು 'ಹಿಂದುಶ್'. ಅಲ್ಲಿಂದ ಗ್ರೀಕರ ಹತ್ತಿರ ಹೋಯ್ತು. ಅಯೋನಿಯಾದ (ಈಗಿನ ಟರ್ಕಿಯ ಪಶ್ಚಿಮ ಕರಾವಳಿ) ಗ್ರೀಕರ ಮಾತಿನಲ್ಲಿ 'ಹ' ಬಿದ್ದುಹೋಗಿತ್ತು, ಹಾಗಾಗಿ 'ಇಂದೋಸ್'. ರೋಮನ್ನರು ಅದನ್ನೇ 'ಇಂದುಸ್' ಅಂದರು, ನಾಡನ್ನು 'ಇಂಡಿಯಾ' ಅಂದರು.

ವಿಚಿತ್ರ ಅನ್ನಿಸ್ತಾ? ಹಳಗನ್ನಡದ 'ಪಾಲು' ನಮಗೆ 'ಹಾಲು' ಆಗಿದೆ. ಮಂಡ್ಯದ ಕಡೆ ಹೋದರೆ ಅದೇ 'ಆಲು'. ಶುರುವಿನ ಅಕ್ಷರ ಮೊದಲು 'ಹ' ಆಗಿ, ಆಮೇಲೆ ಅದೂ ಮಾಯ! ಸಿಂಧು ಸವೆದಿದ್ದೂ ಹೀಗೇ.

(ದೃಶ್ಯ: ನೀಲಿ ಬಣ್ಣದ ಬಟ್ಟೆ)

ಇಲ್ಲಿಂದ ಹೋಗುತ್ತಿದ್ದ ನೀಲಿ ಬಣ್ಣಕ್ಕೆ ಲ್ಯಾಟಿನ್‌ನಲ್ಲಿ 'ಇಂಡಿಕಮ್', ಅಂದರೆ ಇಂಡಿಯಾದ್ದು. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ಅದರ ಬಗ್ಗೆ ಬರೆದಿದ್ದಾನೆ. ಈಗಿನ 'ಇಂಡಿಗೋ' ಅದರ ಮೊಮ್ಮಗ. ('ಇಂಡೆಕ್ಸ್', 'ಇಂಡಿಕೇಟ್' ಇದರ ನೆಂಟರಲ್ಲ. ಅವು 'ತೋರಿಸು' ಅನ್ನುವ ಬೇರೆ ಲ್ಯಾಟಿನ್ ಮಾತಿನಿಂದ ಬಂದವು.)

1863ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಫರ್ಡಿನಾಂಡ್ ರೈಶ್ ಅನ್ನುವ ವಿಜ್ಞಾನಿ ಸತುವಿನ ಅದಿರಿನಲ್ಲಿ ಥ್ಯಾಲಿಯಮ್ ಅನ್ನುವ ಲೋಹ ಹುಡುಕುತ್ತಿದ್ದರು. ಅವರಿಗೆ ಬಣ್ಣಗುರುಡು. ಬೆಳಕನ್ನು ಬಣ್ಣದ ಗೆರೆಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕದಲ್ಲಿ ನೋಡೋಕೆ ಸಹೋದ್ಯೋಗಿ ರಿಕ್ಟರ್ ಅವರನ್ನು ಕರೆದರು. ರಿಕ್ಟರ್‌ಗೆ ಕಂಡಿದ್ದು ಯಾರೂ ಗುರುತಿಸದಿದ್ದ ಒಂದು ಕಡುನೀಲಿ ಗೆರೆ, ಇಂಡಿಗೋ ಬಣ್ಣದ್ದು. ಒಂದೊಂದು ಧಾತುವಿಗೂ ತನ್ನದೇ ಗೆರೆಗಳಿರುತ್ತವೆ, ಹಾಗಾಗಿ ಇದು ಹೊಸ ಧಾತು ಅಂತ ಗೊತ್ತಾಯ್ತು. ಅದಕ್ಕೆ ಆ ಗೆರೆಯ ಹೆಸರೇ ನಿಂತಿತು: ಇಂಡಿಯಮ್. ತಮಾಷೆ ಅಂದರೆ ಲೋಹ ನೀಲಿಯಲ್ಲ, ಬೆಳ್ಳಿಯ ಹಾಗೆ ಬಿಳಿ. ಇಂಡಿಯಾದಲ್ಲಿ ಸಿಕ್ಕಿದ್ದೂ ಅಲ್ಲ.

(ದೃಶ್ಯ: ಬಾಗಿಲಿಗೆ ತೋರಣ, ಪಕ್ಕದಲ್ಲಿ ಹುಣಸೆಹಣ್ಣು)

ಯುಗಾದಿಗೆ ಕಟ್ಟುವ ಮಾವಿನೆಲೆ, ಬೆಲ್ಲದ ಜೊತೆ ತಿನ್ನುವ ಬೇವು, ಎರಡರ ಲ್ಯಾಟಿನ್ ಹೆಸರಿನ ಬಾಲದಲ್ಲೂ 'ಇಂಡಿಕಾ' ಇದೆ. ಹುಣಸೆಯದು ಇನ್ನೂ ಮಜಾ. ಅರಬ್ಬರು ಅದನ್ನು 'ತಮರ್ ಹಿಂದಿ', ಅಂದರೆ ಹಿಂದ್ ನಾಡಿನ ಖರ್ಜೂರ ಅಂದರು. ಅದು ಲ್ಯಾಟಿನ್‌ನಲ್ಲಿ 'ಟ್ಯಾಮರಿಂಡಸ್' ಆಯ್ತು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಅದಕ್ಕೆ ಮತ್ತೊಂದು ಬಾಲ ಅಂಟಿಸಿದ: ಟ್ಯಾಮರಿಂಡಸ್ ಇಂಡಿಕಾ. ಸಾರಿಗೆ ಹಿಂಡುವ ಹುಳಿಯ ಹೆಸರಲ್ಲಿ ಸಿಂಧು ಎರಡೆರಡು ಸಲ! ಸಸ್ಯಶಾಸ್ತ್ರದವರನ್ನು ಕೇಳಿ ನೋಡಿ, ಆ ಮರದ ತವರು ಆಫ್ರಿಕಾ ಅಂತಾರೆ.