ಕೊಂಡ ಆಟ ಸತ್ತಿತು, ಕಾಪಿ ಆಟ ಉಳಿಯಿತು

ನಮಸ್ಕಾರ. ಇವತ್ತು ಮಾತು ಶುರು ಮಾಡುವ ಮೊದಲು ಎರಡು ವಸ್ತು ತೋರಿಸುತ್ತೇನೆ.

ಒಂದು ಇದು. ಹಳದಿ ಕ್ಯಾಸೆಟ್. ಕಾರ್ಟ್ರಿಜ್ ಅನ್ನುವ ಪದ ನಾನು ಕೇಳಿದ್ದು ಎಷ್ಟೋ ವರ್ಷ ಆದ ಮೇಲೆ. ನಮ್ಮ ಬೀದಿಯಲ್ಲಿ ಇದು ಕ್ಯಾಸೆಟ್ಟು, ಇದನ್ನು ಹಾಕುವ ಮಷಿನ್ನು ಟಿವಿ ಗೇಮು. ಸ್ಟಿಕರ್ ಅರ್ಧ ಕಿತ್ತುಹೋಗಿದೆ, ಮಾರಿಯೋನ ಕೆಂಪು ಟೋಪಿ ಮಾತ್ರ ಉಳಿದಿದೆ. 1994ರ ದಸರಾ ರಜೆಯಲ್ಲಿ ನಮ್ಮ ಸೋದರಮಾವ ಬೆಂಗಳೂರಿನ ಮೆಜೆಸ್ಟಿಕ್‌ನಿಂದ ದಾವಣಗೆರೆಗೆ ತಂದುಕೊಟ್ಟದ್ದು. ಆ ಮಷಿನ್ ಕೆಟ್ಟು ಯಾವುದೋ ಕಾಲ ಆಯಿತು. ನಿನ್ನೆ ರಾತ್ರಿ ಬೇರೆ ಮಷಿನ್‌ಗೆ ಹಾಕಿದೆ. ಮೊದಲ ಸಲಕ್ಕೆ ಬರಲಿಲ್ಲ. ತೆಗೆದು, ಕೆಳಗಿನ ಪಟ್ಟಿಗಳಿಗೆ ಇಯರ್‌ಬಡ್ಡಿನಲ್ಲಿ ಸ್ಪಿರಿಟ್ ಹಚ್ಚಿ ಒರೆಸಿದೆ. ಕಪ್ಪು ಕೊಳೆ ಬಂತು. ಮತ್ತೆ ಹಾಕಿದೆ. ಅದೇ ನೀಲಿ ಆಕಾಶ, ಅದೇ ಟ್ಯೂನ್.

ಎರಡನೆಯದು ಈ ಡಿವಿಡಿ ಬಾಕ್ಸ್. ಕಾರ್ ರೇಸಿನ ಆಟ. ಹೆಸರು ಬೇಡ, ಅದಕ್ಕೇ ಕವರ್ ತಿರುಗಿಸಿ ಹಿಡಿದಿದ್ದೇನೆ. ಮೊದಲ ಕೆಲಸ ಸಿಕ್ಕ ಮೇಲೆ ಸ್ವಂತ ಸಂಬಳದಲ್ಲಿ ಕೊಂಡ ಒರಿಜಿನಲ್ ಆಟ ಇದು. ಬಿಲ್ ಕೂಡ ಒಳಗೇ ಇಟ್ಟಿದ್ದೇನೆ, ಶಾಯಿ ಮಾಸಿದೆ ಅಷ್ಟೇ. ಡಿಸ್ಕಿನ ಮೇಲೆ ಒಂದು ಗೀರು ಇಲ್ಲ. ಹಾಕಿದರೆ ಒಂದೇ ಮಾತು ಬರುತ್ತದೆ: ಸರ್ವರ್ ಸಿಗುತ್ತಿಲ್ಲ. ಸರ್ವರ್ ಅಂದರೆ ಇಂಟರ್ನೆಟ್ ಮೂಲಕ ಆಟ ನಡೆಸುವ ಕಂಪನಿಯ ಕಂಪ್ಯೂಟರ್. ಸಿಗುವುದೂ ಇಲ್ಲ, ಅದನ್ನು ಮುಚ್ಚಿಬಿಟ್ಟಿದ್ದಾರೆ.

ಈ ಹಳದಿ ಕ್ಯಾಸೆಟ್ ನಕಲಿ. ಇದರಿಂದ ಮಾರಿಯೋ ಮಾಡಿದ ಜಪಾನಿನ ಕಂಪನಿ ನಿಂಟೆಂಡೊಗೆ ಒಂದು ಪೈಸೆ ಹೋಗಿಲ್ಲ. ನಮ್ಮ ಕಾಲದಲ್ಲಿ ನಮ್ಮ ಊರುಗಳಿಗೆ ಬಂದದ್ದೆಲ್ಲ ಇಂಥವೇ. ಅದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ಕಾಸು ಕೊಡದ ಆಟ 30 ವರ್ಷ ಆದರೂ ನಡೆಯುತ್ತಿದೆ, ನಿಯತ್ತಾಗಿ ಕಾಸು ಕೊಟ್ಟು ಕೊಂಡ ಆಟ ಸತ್ತುಹೋಗಿದೆ. ಇದು ನನ್ನನ್ನು ತುಂಬಾ ದಿನದಿಂದ ಕೊರೆಯುತ್ತಿದೆ. ಇವತ್ತು ಅದನ್ನೇ ಮಾತಾಡಬೇಕು.

ಹಳೆಯದೆಲ್ಲ ಚೆನ್ನ, ಹೊಸದೆಲ್ಲ ಕೆಟ್ಟದ್ದು ಅನ್ನುವವನಲ್ಲ ನಾನು. ಹಳೆಯ ಕಾಲದಲ್ಲೂ ಕಳಪೆ ಆಟ ಬೇಕಾದಷ್ಟು ಇದ್ದವು. ಅಮೆರಿಕದ ಅಟಾರಿ ಕಂಪನಿಯ ಇ.ಟಿ. ಆಟವನ್ನು 1982ರಲ್ಲಿ ಹೊವಾರ್ಡ್ ಸ್ಕಾಟ್ ವಾರ್ಶಾ ಐದಾರು ವಾರದಲ್ಲಿ ಮಾಡಿ ಮುಗಿಸಬೇಕಾಯಿತು, ಕ್ರಿಸ್‌ಮಸ್ ಮಾರಾಟಕ್ಕೆ ಬೇಕಿತ್ತಲ್ಲ. ಮಾರಾಟವಾಗದೆ ಉಳಿದ ಕ್ಯಾಸೆಟ್‌ಗಳನ್ನು ನ್ಯೂ ಮೆಕ್ಸಿಕೋದ ಅಲಮೊಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತರು. 2014ರಲ್ಲಿ ಅಗೆದು ತೆಗೆದರು. ಅವಸರ, ದುರಾಸೆ ಈ ಧಂಧೆಗೆ ಹೊಸದಲ್ಲ. ಆದರೆ ಹೂತ ಆಟವನ್ನೂ ಅಗೆದು ತೆಗೆಯಬಹುದಿತ್ತು ನೋಡಿ.

ಈ ಮಾರಿಯೋಗೆ ಬರೋಣ. 1985ರ ಆಟ. ಇಡೀ ಆಟದ ಗಾತ್ರ 40 ಕೆಬಿ. ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಬರುವ ಒಂದು ಶುಭೋದಯದ ಫೋಟೋ ಇದಕ್ಕಿಂತ ದೊಡ್ಡದಿರುತ್ತದೆ. ಅಷ್ಟರಲ್ಲೇ 32 ಹಂತ, ಹಾಡು, ಶತ್ರುಗಳು, ಎಲ್ಲ. ಜಾಗ ಉಳಿಸಲು ಏನು ಮಾಡಿದ್ದರು ಗೊತ್ತಾ? ಆಕಾಶದ ಮೋಡ, ನೆಲದ ಪೊದೆ ಎರಡೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಚಿಕ್ಕವನಿದ್ದಾಗ ಸಾವಿರ ಸಲ ನೋಡಿದ್ದೇನೆ, ಒಂದು ಸಲವೂ ಗೊತ್ತಾಗಲಿಲ್ಲ.

ಹೋದ ತಿಂಗಳು ಅಕ್ಕನ ಮಗ ಬಂದಿದ್ದ. ಹನ್ನೊಂದು ವರ್ಷ. ಅವನ ಕೈಗೆ ಕೊಟ್ಟೆ, ಏನೂ ಹೇಳಿಕೊಡಲಿಲ್ಲ. ಬಲಕ್ಕೆ ನಡೆದ. ಎದುರಿಂದ ಆ ಕಂದು ಅಣಬೆ ಮುಖದವನು ಬಂದ, ತಗಲಿ ಸತ್ತ. ಎರಡನೇ ಸಲ ಹಾರಿದ. ಹಾರುವಾಗ ತಲೆ ಮೇಲಿನ ಪ್ರಶ್ನೆ ಚಿಹ್ನೆಯ ಡಬ್ಬಕ್ಕೆ ತಾಗಿತು, ಅಣಬೆ ಬಂತು. ಅದೂ ಶತ್ರು ಅಂದುಕೊಂಡು ಓಡಿದ. ಅಣಬೆ ಪೈಪಿಗೆ ಬಡಿದು ಅವನ ಕಡೆಗೇ ತಿರುಗಿತು, ತಾಗಿತು, ಮಾರಿಯೋ ದೊಡ್ಡವನಾದ. ‘ಮಾಮ, ಇದು ಒಳ್ಳೇದು!’ ಅಂದ. ಹೀಗೆ ಮಾಡು ಅಂತ ಒಂದು ಅಕ್ಷರವೂ ಪರದೆ ಮೇಲೆ ಬರಲಿಲ್ಲ. ಈ ಆಟ ಮಾಡಿದ ಶಿಗೆರು ಮಿಯಾಮೊಟೊ ಮತ್ತು ಅವರ ಜೊತೆಯವರು ಆ ಜಾಗವನ್ನು ಬೇಕೆಂದೇ ಹಾಗೆ ಜೋಡಿಸಿದ್ದರು. ಅವನು ಹುಟ್ಟುವ ಎಷ್ಟೋ ವರ್ಷ ಮೊದಲು ಜಪಾನಿನಲ್ಲಿ ಕೂತು ಯಾರೋ ಮಾಡಿಟ್ಟ ಪಾಠ ನಮ್ಮ ಮನೆ ಹಾಲಿನಲ್ಲಿ ಅವನಿಗೆ ತಲುಪಿತು. ಆಮೇಲೆ ಕೇಳಿದ, ‘ಇದಕ್ಕೆ ಅಪ್‌ಡೇಟ್ ಬರಲ್ವಾ?’ ಇಲ್ಲಪ್ಪ. ಇದು ಪೂರ್ತಿ ಆಗಿಯೇ ಬಂದದ್ದು.

ಪೂರ್ತಿ ಆಗಿ ಕೈಗೆ ಬರುವುದು ಅಂದರೆ ಏನು ಅನ್ನುವುದಕ್ಕೆ ನನಗೆ ಇನ್ನೂ ಹತ್ತಿರವಾದ ಆಟ ಪ್ರಿನ್ಸ್ ಆಫ್ ಪರ್ಷಿಯಾ.

ನಾನು ಅದನ್ನು ಆಡಿದ್ದು ಕಂಪ್ಯೂಟರ್ ಕ್ಲಾಸಿನಲ್ಲಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು, ಕಲಿಯಬೇಕಾದದ್ದು ಡಾಸ್ ಕಮಾಂಡ್. ಮೇಷ್ಟ್ರು ಟೀ ಕುಡಿಯಲು ಹೋದ ತಕ್ಷಣ ಫ್ಲಾಪಿ ಹೊರಗೆ ಬರುತ್ತಿತ್ತು. ಮೊದಲ ಹಂತ ಮುಗಿದರೆ ಒಂದು ಕೋಣೆ, ಅದರ ತುಂಬಾ ಔಷಧಿ ಬಾಟಲಿಗಳು, ಒಂದೊಂದರ ಮೇಲೆ ಒಂದೊಂದು ಇಂಗ್ಲಿಷ್ ಅಕ್ಷರ. ಮ್ಯಾನ್ಯುಯಲ್‌ನ ಇಂಥ ಪುಟದ, ಇಂಥ ಸಾಲಿನ, ಇಂಥ ಪದದ ಮೊದಲ ಅಕ್ಷರ ಯಾವುದೋ ಅದನ್ನೇ ಕುಡಿಯಬೇಕು. ತಪ್ಪಾದರೆ ಪ್ರಾಣಕ್ಕೆ ಪೆಟ್ಟು. ಕಾಪಿ ಹೊಡೆದವರನ್ನು ತಡೆಯಲು ಮಾಡಿದ್ದು. ನಮಗೆ ಮ್ಯಾನ್ಯುಯಲ್ ಎಲ್ಲಿಂದ ಬರಬೇಕು? ಒಬ್ಬ ಸೀನಿಯರ್ ಪ್ರತಿ ಸಲ ಒಂದೊಂದು ಬಾಟಲಿ ಕುಡಿದು, ಸತ್ತು, ಸರಿಯಾದ ಅಕ್ಷರಗಳನ್ನು ರಫ್ ನೋಟಿನ ಕೊನೇ ಪುಟದಲ್ಲಿ ಬರೆದಿಟ್ಟಿದ್ದ. ಪುಟ, ಸಾಲು, ಪದ, ಅಕ್ಷರ. ಆ ಹಾಳೆ ಇಡೀ ಬ್ಯಾಚಿನ ಕೈಯಿಂದ ಕೈಗೆ ಓಡಾಡಿತು.

ಆಗ ನಮಗೆ ಆ ಆಟ ಮಾಡಿದವರು ಯಾರು ಅಂತಲೂ ಗೊತ್ತಿರಲಿಲ್ಲ. ಜೋರ್ಡನ್ ಮೆಕ್ನರ್. 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಮಾಡಿದ ಆಟ. ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಅದನ್ನು ಒಂದೊಂದೇ ಚಿತ್ರವಾಗಿ ಕಂಪ್ಯೂಟರಿಗೆ ಇಳಿಸಿದ್ದರು. ಅದಕ್ಕೇ ರಾಜಕುಮಾರ ಅಂಚು ಹಿಡಿದು ಮೇಲೆ ಹತ್ತುವಾಗ ನಮ್ಮ ತೋಳಿಗೂ ಭಾರ ಬಿದ್ದ ಹಾಗೆ ಆಗುತ್ತಿತ್ತು. ಶತ್ರುವಿಗೆ ಬೇರೆ ಚಿತ್ರ ಬರೆಯಲು ಮೆಮೊರಿಯಲ್ಲಿ ಜಾಗವೇ ಉಳಿದಿರಲಿಲ್ಲ. ಆಗ ರಾಜಕುಮಾರನ ಚಿತ್ರವನ್ನೇ ಸ್ವಲ್ಪ ಸರಿಸಿ, ಬಣ್ಣ ತಿರುಗಿಸಿ ಒಂದು ನೆರಳು ಮಾಡಿದರು. ಕನ್ನಡಿಯಿಂದ ಹೊರಗೆ ಹಾರುವ ನಿಮ್ಮದೇ ನೆರಳು. ನಿಮ್ಮ ಔಷಧಿ ಕುಡಿದು ಓಡುತ್ತದೆ, ನಿಮ್ಮ ಮುಂದೆಯೇ ಬಾಗಿಲು ಹಾಕುತ್ತದೆ. ಕೊನೆಗೆ ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ನೀವು ಹೊಡೆದರೆ ಪೆಟ್ಟು ನಿಮಗೇ. ಗೆಲ್ಲಬೇಕಾದರೆ ಕತ್ತಿ ಒಳಗಿಟ್ಟು ಅದರ ಕಡೆಗೆ ನಡೆಯಬೇಕು, ಎರಡೂ ಒಂದಾಗುತ್ತವೆ. ಆ ದಿನ ಕ್ಲಾಸಿನಲ್ಲಿ ಹತ್ತು ಹುಡುಗರು ಒಂದು ಮಾನಿಟರ್ ಸುತ್ತ ನಿಂತಿದ್ದೆವು. ಕತ್ತಿ ಒಳಗಿಡು ಅಂತ ಹಿಂದಿನಿಂದ ಯಾರು ಹೇಳಿದರೋ ನೆನಪಿಲ್ಲ. ಮೈ ಜುಮ್ಮಂದದ್ದು ಮಾತ್ರ ನೆನಪಿದೆ.

ಇಂಥ ಆಟಗಳು ನಮ್ಮವರೆಗೆ ಬಂದದ್ದು ಹೇಗೆ? ಆಟ ಇಡಿಯಾಗಿ ಆ ಫ್ಲಾಪಿಯೊಳಗೆ ಇತ್ತು. ಅದಕ್ಕೇ. ಯಾರನ್ನೂ ಕೇಳಬೇಕಾಗಿರಲಿಲ್ಲ.

ಈಗ ದಿ ಕ್ರೂ ಅನ್ನುವ ಆಟದ ವಿಷಯ ತಗೊಳ್ಳಿ. ಯೂಬಿಸಾಫ್ಟ್ 2014ರಲ್ಲಿ ತಂದದ್ದು. ಅಮೆರಿಕವನ್ನೆಲ್ಲ ಚಿಕ್ಕದು ಮಾಡಿ ಒಂದೇ ಮ್ಯಾಪಿನಲ್ಲಿ ಇಟ್ಟಿದ್ದರು. ಒಂದು ಸಮುದ್ರದ ದಡದಿಂದ ಇನ್ನೊಂದು ಸಮುದ್ರದ ದಡಕ್ಕೆ ಸುಮ್ನೆ ಗಾಡಿ ಓಡಿಸಿಕೊಂಡು ಹೋಗಬಹುದಿತ್ತು. ಒಬ್ಬರೇ ಆಡುವ ಕಥೆಯೂ ಇತ್ತು. ಆದರೆ ಒಬ್ಬರೇ ಆಡಬೇಕಾದರೂ ಕಂಪನಿಯ ಸರ್ವರ್ ಬೇಕು. 2023ರ ಡಿಸೆಂಬರಿನಲ್ಲಿ ಮಾರಾಟ ನಿಲ್ಲಿಸಿದರು. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದರು. ಆಮೇಲೆ ಕೊಂಡವರ ಅಕೌಂಟಿನಿಂದ ಲೈಸೆನ್ಸನ್ನೂ, ಅಂದರೆ ಆಡುವ ಅನುಮತಿಯನ್ನೂ, ತೆಗೆದುಬಿಟ್ಟರು.

ಮಿಕ್ಸಿ ಕೊಂಡಿದ್ದೀರಿ. ಹತ್ತು ವರ್ಷ ಆದ ಮೇಲೆ ಕಂಪನಿಯವರು ಅಡುಗೆಮನೆಗೆ ಬಂದು, ಈ ಮಾಡೆಲ್ ನಿಲ್ಲಿಸಿದ್ದೇವೆ ಅಂತ ಜಾರ್ ಸಮೇತ ಎತ್ತಿಕೊಂಡು ಹೋದರೆ ಅಮ್ಮ ಸುಮ್ಮನಿರುತ್ತಾರಾ? ಕೊಂಡದ್ದು ಅಂದರೆ ನಮ್ಮದು, ಅಲ್ವಾ?

ಇದಕ್ಕೆ ರಾಸ್ ಸ್ಕಾಟ್ ಅನ್ನುವ ಯೂಟ್ಯೂಬರ್ 2024ರಲ್ಲಿ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಂತ ಒಂದು ಚಳವಳಿ ಶುರು ಮಾಡಿದರು. ಕೇಳಿದ್ದು ತುಂಬಾ ಚಿಕ್ಕದು. ಸರ್ವರ್ ಶಾಶ್ವತವಾಗಿ ನಡೆಸಿ ಅಂತ ಅಲ್ಲ. ಮುಚ್ಚುವ ದಿನ ಬಂದಾಗ ಆಟವನ್ನು ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ, ಅಷ್ಟೇ. ಯುರೋಪಿಯನ್ ಒಕ್ಕೂಟದಲ್ಲಿ ಅವರ ಮನವಿಗೆ 2025ರ ಜುಲೈನಲ್ಲಿ 10 ಲಕ್ಷ ಸಹಿ ದಾಟಿತು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಒಂದು ಕಾನೂನು ಇದೆ: ನೀವು ಕೊಡುತ್ತಿರುವುದು ಬರೀ ಲೈಸೆನ್ಸ್ ಆದರೆ, ಅದನ್ನು ಸ್ಪಷ್ಟವಾಗಿ ಹೇಳದೆ ‘ಕೊಳ್ಳಿ’ ಅನ್ನುವ ಪದ ಬಳಸುವ ಹಾಗಿಲ್ಲ. ಹೇಳುವುದು ಒಳ್ಳೆಯದೇ. ಆದರೆ ಹೇಳಿ ಕಸಿದುಕೊಂಡರೂ ಅದು ಕಸಿದುಕೊಂಡ ಹಾಗೇ.

ಕಂಪನಿಗಳ ಕಡೆಯ ಮಾತೂ ಇದೆ. ಸರ್ವರ್‌ಗೆ ಖರ್ಚು ಜಾಸ್ತಿ, ಆಡುವವರು ಕಡಿಮೆ, ಆನ್‌ಲೈನ್ ಆಟವನ್ನು ಬಿಡಿಸಿ ಕೈಗೆ ಕೊಡುವುದು ಕಷ್ಟ. ಖರ್ಚಿನ ಮಾತು ನಾನು ಒಪ್ಪುತ್ತೇನೆ. ಕಷ್ಟ ಅನ್ನುವುದನ್ನು ಮಾತ್ರ ಒಪ್ಪಲಾರೆ, ಯಾಕೆಂದರೆ ನಾನು ಕೌಂಟರ್ ಸ್ಟ್ರೈಕ್ ಅನ್ನುವ, ಗುಂಪಾಗಿ ಆಡುವ ಆಟ ಆಡಿ ಬೆಳೆದವನು. ಸೈಬರ್ ಕೆಫೆಯಲ್ಲಿ ಎಂಟು ಕಂಪ್ಯೂಟರ್, ಅವನ್ನು ಒಂದಕ್ಕೊಂದು ಜೋಡಿಸುವ ಒಂದು ಸ್ವಿಚ್ಚು, ನೀಲಿ ಕೇಬಲ್ಲು. ಒಳಗೆ ಹೋಗಿ ‘ಅಣ್ಣ, ಸರ್ವರ್ ಹಾಕಿ’ ಅಂದರೆ ಕೌಂಟರಿನಲ್ಲಿ ಕೂತ ಅಣ್ಣ ತನ್ನ ಮಷಿನ್‌ನಲ್ಲೇ ಸರ್ವರ್ ಹಾಕುತ್ತಿದ್ದರು. ಇಂಟರ್ನೆಟ್ ಬೇಕಿರಲಿಲ್ಲ. ಸರ್ವರ್ ನಡೆಸುವ ಸಾಫ್ಟ್‌ವೇರನ್ನು ಆಟದ ಕಂಪನಿಯೇ ಆಡುವವರ ಕೈಗೆ ಕೊಟ್ಟಿತ್ತು. ಒಂದು ಸೈಬರ್ ಕೆಫೆ ಅಣ್ಣನ ಕೈಯಲ್ಲಿ ಆದದ್ದು ಇಷ್ಟು ದೊಡ್ಡ ಕಂಪನಿಗಳ ಕೈಯಲ್ಲಿ ಆಗುವುದಿಲ್ಲವಾ? ಅದೇ ಯೂಬಿಸಾಫ್ಟ್, ಗಲಾಟೆ ಆದ ಮೇಲೆ, ದಿ ಕ್ರೂ ಎರಡನೇ ಭಾಗವನ್ನು ಆಫ್‌ಲೈನ್ ಆಡುವ ವ್ಯವಸ್ಥೆ ಮಾಡಿಕೊಟ್ಟಿತು. ಮನಸ್ಸು ಬಂದರೆ ಆಗುತ್ತದೆ.

ಡೂಮ್ ನೋಡಿ. 1993ರ ಆಟ. 1997ರಲ್ಲಿ ಅದರ ಸೋರ್ಸ್ ಕೋಡನ್ನು, ಅಂದರೆ ಆಟವನ್ನು ಬರೆದ ಮೂಲ ಪ್ರೋಗ್ರಾಮನ್ನು, ಅದನ್ನು ಮಾಡಿದ ಇಡ್ ಸಾಫ್ಟ್‌ವೇರ್ ಎಲ್ಲರಿಗೂ ಬಿಟ್ಟುಕೊಟ್ಟಿತು. ಇವತ್ತಿಗೂ ಜನ ಅದಕ್ಕೆ ಹೊಸ ಹಂತ ಮಾಡುತ್ತಿದ್ದಾರೆ, ಕಂಪನಿಗೇನೂ ನಷ್ಟ ಆಗಲಿಲ್ಲ. ಹೊಸ ಡೂಮ್ ಬಂದಾಗಲೂ ಜನ ಕೊಂಡರು.

ಇದು ನಮಗ್ಯಾಕೆ ಅನ್ನುವವರಿಗೆ ಒಂದು ಮಾತು. ಬೆಂಗಳೂರಿನಲ್ಲಿ 1997ರಿಂದ ಧ್ರುವ ಇಂಟರಾಕ್ಟಿವ್ ಅಂತ ಒಂದು ಸ್ಟುಡಿಯೋ ಇತ್ತು. ರಾಜೇಶ್ ರಾವ್ ಕಟ್ಟಿದ್ದು. ನಮ್ಮ ದೇಶದಲ್ಲಿ ಆಟ ಮಾಡುವ ಕೆಲಸಕ್ಕೆ ಇಳಿದ ಮೊದಲಿಗರಲ್ಲಿ ಅವರೂ ಒಬ್ಬರು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಹೊರದೇಶದ ದೊಡ್ಡ ದೊಡ್ಡ ಆಟಗಳಿಗೆ ಅಲ್ಲಿಂದ ಕೆಲಸ ಹೋಗುತ್ತಿತ್ತು, ಫೋರ್ಜಾ ಸರಣಿಯ ಕಾರಿನ ಆಟಗಳಿಗೂ. ಇಲ್ಲಿ ಕೂತು ಯಾರೋ ಒಬ್ಬರು ಒಂದು ಹೆಡ್‌ಲೈಟಿನ ಗಾಜಿಗೆ ವಾರಗಟ್ಟಲೆ ಕಣ್ಣು ಸುಟ್ಟುಕೊಂಡಿರುತ್ತಾರೆ. ಈಗ ಫೋರ್ಜಾ ಹರೈಸನ್ 4 ಅನ್ನು ಕೊಳ್ಳಲು ಹೋಗಿ, ಅಂಗಡಿಯಲ್ಲಿ ಇಲ್ಲ. ಒಳಗಿರುವ ಕಾರು, ಹಾಡುಗಳ ಲೈಸೆನ್ಸ್ ಮುಗಿಯಿತು ಅಂತ 2024ರ ಡಿಸೆಂಬರಿನಲ್ಲಿ ತೆಗೆದರು. ಕೊಂಡಿದ್ದವರು ಆಡಬಹುದು, ಅಷ್ಟು ಮಟ್ಟಿಗೆ ಅದು ವಾಸಿ. ಸರ್ವರ್ ಜೊತೆಗೇ ಸಾಯುವ ಆಟದಲ್ಲಿ ಆ ಕೆಲಸ ಮಾಡಿದವರು ನಾಳೆ ತಮ್ಮ ಮಗಳಿಗೆ ‘ಇದು ನಾನು ಮಾಡಿದ್ದು’ ಅಂತ ಏನು ತೋರಿಸಬೇಕು?

2023ರಲ್ಲಿ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಒಂದು ಅಧ್ಯಯನ ಮಾಡಿತು. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ಶೇ 87ರಷ್ಟು ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಕಾಸು ಕೈಯಲ್ಲಿ ಹಿಡಿದುಕೊಂಡು ನಿಂತರೂ ಕೊಡುವವರಿಲ್ಲ. ಆಗ ಜನ ಎಮ್ಯುಲೇಟರ್, ಅಂದರೆ ಹಳೆಯ ಮಷಿನ್ನಿನ ಹಾಗೆ ನಟಿಸುವ ಸಾಫ್ಟ್‌ವೇರ್, ಹುಡುಕದೆ ಇನ್ನೇನು ಮಾಡುತ್ತಾರೆ? ಕೊಡುವವರಿದ್ದರೆ ಕೊಳ್ಳುವವರಿದ್ದಾರೆ ಅನ್ನುವುದನ್ನು ಪೋಲೆಂಡಿನ ಸಿಡಿ ಪ್ರಾಜೆಕ್ಟ್ ತೋರಿಸಿತು. ನಮ್ಮ ಹಾಗೇ ಕಾಪಿ ಸಿಡಿಗಳೇ ತುಂಬಿದ್ದ ದೇಶ ಅದು. ಅಲ್ಲಿ ಒರಿಜಿನಲ್ ಆಟ ಮಾರುತ್ತಾ ಬೆಳೆದ ಕಂಪನಿ 2008ರಲ್ಲಿ ಜಿಒಜಿ ಅಂತ ಅಂಗಡಿ ತೆರೆದು, ಹಳೆಯ ಆಟಗಳನ್ನು ಕಾಪಿ ತಡೆಯುವ ಯಾವ ಬೀಗವೂ ಇಲ್ಲದೆ ಮಾರಲು ಶುರು ಮಾಡಿತು. ಡೌನ್‌ಲೋಡ್ ಮಾಡಿ ಹಾರ್ಡ್ ಡಿಸ್ಕಿಗೆ ಹಾಕಿಟ್ಟರೆ ಮುಗಿಯಿತು, ಆಟ ನಿಮ್ಮ ಹತ್ತಿರವೇ. ಚಿಕ್ಕಂದಿನಲ್ಲಿ ಕಾಪಿ ಆಡಿದ ಎಷ್ಟೋ ಆಟಗಳನ್ನು ನಾನು ಈಗ ಅಲ್ಲಿ ದುಡ್ಡು ಕೊಟ್ಟು ಕೊಂಡಿದ್ದೇನೆ. ಋಣ ತೀರಿಸಿದ ಹಾಗೆ ಅನಿಸುತ್ತದೆ ನನಗೆ.

ಇನ್ನೊಂದು ಸಲ ಪ್ರಿನ್ಸ್ ಹತ್ತಿರ ಹೋಗೋಣ. ಆ ಆಟದ ಮೂಲ ಕೋಡ್ ಕಳೆದೇಹೋಗಿತ್ತು. ಮೆಕ್ನರ್ ವರ್ಷಗಟ್ಟಲೆ ಹುಡುಕಿದ್ದರು. 2012ರಲ್ಲಿ ಅವರ ತಂದೆ ಮನೆಯಲ್ಲಿ ಒಂದು ಹಳೆಯ ಪೆಟ್ಟಿಗೆ ಸಿಕ್ಕಿತು ಅಂತ ಮಗನಿಗೆ ಕಳಿಸಿದರು. ಆ ಆಟಕ್ಕೆ ಸಂಗೀತ ಮಾಡಿದ್ದೂ ಅದೇ ತಂದೆ. ಒಳಗೆ ಫ್ಲಾಪಿಗಳಿದ್ದವು. ಫ್ಲಾಪಿ ಅಂದರೆ ಅಯಸ್ಕಾಂತದ ಪದರ, ವರ್ಷ ಕಳೆದ ಹಾಗೆ ಬರೆದದ್ದು ಮಾಸುತ್ತದೆ. 20 ವರ್ಷಕ್ಕಿಂತ ಜಾಸ್ತಿ ಆಗಿತ್ತು. ತಿಳಿದವರು ಹಳೆಯ ಮಷಿನ್‌ಗಳನ್ನು ಹೊತ್ತು ತಂದು, ಒಂದೊಂದೇ ಫ್ಲಾಪಿ ಜೋಪಾನವಾಗಿ ಓದಿಸಿದರು. ಕೋಡ್ ಉಳಿದಿತ್ತು. ಮೆಕ್ನರ್ ಅದನ್ನು ಎಲ್ಲರೂ ನೋಡಲಿ ಅಂತ ಇಂಟರ್ನೆಟ್ಟಿಗೆ ಹಾಕಿದರು. ಆ ಪೆಟ್ಟಿಗೆ ಗುಜರಿಗೆ ಹೋಗಿದ್ದರೆ?

ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಪೆಟ್ಟಿಗೆ ಇರಬಹುದು. ಫ್ಲಾಪಿ, ಸಿಡಿ, ಕಂಪ್ಯೂಟರ್ ಕ್ಲಾಸಿನ ನೋಟ್ ಪುಸ್ತಕ. ಮುಖ್ಯವಾಗಿ, ಕನ್ನಡದಲ್ಲಿ ಯಾರಾದರೂ ಮಾಡಿದ ಆಟ, ಕಾಲೇಜ್ ಪ್ರಾಜೆಕ್ಟಿಗೆ ಅಂತ ನೀವೇ ಬರೆದದ್ದಾದರೂ ಸರಿ, ದಯವಿಟ್ಟು ಕಸಕ್ಕೆ ಹಾಕಬೇಡಿ. ಫ್ಲಾಪಿ ಡ್ರೈವ್ ನನ್ನ ಹತ್ತಿರ ಎರಡಿದೆ, ಎರಡೂ ಸರಿಯಾಗಿವೆ. ಕಾಪಿ ಮಾಡಿಕೊಡುತ್ತೇನೆ, ನಿಮ್ಮ ಫ್ಲಾಪಿ ನಿಮಗೇ ವಾಪಸ್. ಆ ಔಷಧಿ ಬಾಟಲಿಗಳ ಅಕ್ಷರ ಬರೆದಿಟ್ಟ ಸೀನಿಯರ್ ಇದನ್ನು ನೋಡುತ್ತಿದ್ದರೆ, ಅಣ್ಣಾ, ಆ ಹಾಳೆ ಇನ್ನೂ ಇದೆಯಾ?