ಗಾಯಗೊಂಡ ಹಂದಿ ಯಾರದ್ದು?

ಕೇಳುಗರಿಗೆ ನಮಸ್ಕಾರ.

ಶಿರಸಿ ಕಡೆ ನಮ್ಮದೊಂದು ಅಡಿಕೆ ತೋಟ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ತೋಟಕ್ಕೆ ಇಳಿದರೆ, ಉದುರಿದ ಸೋಗೆಯ ಮೇಲೆ ರಕ್ತದ ಹನಿ. ಅದರ ಜಾಡು ಹಿಡಿದು ಹೋದೆ. ಬಸಿಗಾಲುವೆಯಲ್ಲಿ ಒಂದು ಕಾಡುಹಂದಿ ಬಿದ್ದುಕೊಂಡಿತ್ತು. ಹಿಂಗಾಲಿಗೆ ಉರುಳು, ಸೈಕಲ್ಲಿನ ಬ್ರೇಕ್ ತಂತಿಯದ್ದು. ಚರ್ಮ ಸೀಳಿ ಎಲುಬಿನವರೆಗೂ ಇಳಿದಿತ್ತು. ಆಚೆ ಬೆಟ್ಟದಲ್ಲಿ ಗೂಟವನ್ನೇ ಕಿತ್ತುಕೊಂಡು, ಬೇಲಿ ನುಗ್ಗಿ ಬಂದಿತ್ತು. ಗೂಟ ಇನ್ನೂ ತಂತಿಯ ತುದಿಯಲ್ಲಿತ್ತು.

ಅಷ್ಟರಲ್ಲಿ ದಣಪೆ, ಅಂದರೆ ಬೇಲಿಯ ಬಾಗಿಲು, ಅದರ ಹತ್ತಿರ ಇಬ್ಬರು ಬಂದು ನಿಂತರು. "ಅದು ನಮ್ಮ ಬೆಟ್ಟದಿಂದ ಬಂದ ಹಂದಿ ಮಾರಾಯ್ರೆ, ನಾವು ಒಯ್ತೇವೆ" ಎಂದರು. "ನಮ್ಮ ತೋಟದಲ್ಲಿ ಬಿದ್ದ ಮೇಲೆ ನಮ್ಮದಲ್ವಾ?" ಎಂದ ನಮ್ಮ ಕೆಲಸದವನು.

ಎರಡೂ ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಾಗೆ ಸಿಕ್ಕ ಪ್ರಾಣಿ ಸರ್ಕಾರದ ಸ್ವತ್ತು. ಮಾಲ್ಕಿ ಜಮೀನು, ಬೆಟ್ಟ, ಕಾಡು ಅನ್ನುವ ವ್ಯತ್ಯಾಸವೇ ಇಲ್ಲ. ಜೀವ ಉಳಿಸಿಕೊಳ್ಳಲು ಹೊಡೆದಿದ್ದರೆ ಅದು ಅಪರಾಧವಲ್ಲ, ಆದರೂ ಪ್ರಾಣಿ ನಿಮ್ಮದಾಗುವುದಿಲ್ಲ. ಅಂಥದ್ದು ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ನನ್ನ ಕೇಳಿದರೆ 48 ಗಂಟೆ ಜಾಸ್ತಿಯೇ ಆಯಿತು. ಅಷ್ಟು ಹೊತ್ತು ಆ ತಂತಿಯ ನೋವು ತಿನ್ನುವುದು ಪ್ರಾಣಿ. ನೋಡಿದ ಕೂಡಲೇ ಫೋನ್ ಮಾಡಿ.

ಬೆಳೆ ರಕ್ಷಣೆಗೆ ಕೋವಿ ಇದೆಯಲ್ಲ ಅನ್ನುತ್ತೀರಿ. ಆ ಲೈಸೆನ್ಸು ಕೋವಿ ಇಟ್ಟುಕೊಳ್ಳಲು ಮಾತ್ರ. ಪೈರು ಹಾಳು ಮಾಡುವ ಹಂದಿಯನ್ನು ಹೊಡೆಯಲು ಬೇರೆಯೇ ಲಿಖಿತ ಅನುಮತಿ ಬೇಕು. ಉರುಳು ಹಾಕುವುದೂ, ಪ್ರಾಣಿಯನ್ನು ಗಾಯಗೊಳಿಸುವುದೂ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. ಹಂದಿ ಒಂದೇ ರಾತ್ರಿಯಲ್ಲಿ ಗದ್ದೆ ಉತ್ತು ಹಾಕಿದ್ದನ್ನು ನಾನೂ ಕಂಡಿದ್ದೇನೆ, ಆ ಸಂಕಟ ಸುಳ್ಳಲ್ಲ. ಆದರೆ ಉರುಳಿಗೆ ಹಂದಿ ಯಾವುದು, ಕಡವೆ ಯಾವುದು, ಚಿರತೆ ಯಾವುದು ಅಂತ ಗೊತ್ತಾಗುವುದಿಲ್ಲ.

ಜರ್ಮನಿಯಲ್ಲಿ ಲೈಸೆನ್ಸು ಇದ್ದವರು ಬೇಟೆಯಾಡಬಹುದು. ಅಲ್ಲಿ ಗಾಯಗೊಂಡ ಪ್ರಾಣಿ ಪಕ್ಕದ ಬೇಟೆ ಪ್ರದೇಶಕ್ಕೆ ಹೋದರೆ ಹೇಗೆ ಹಿಂಬಾಲಿಸಬೇಕು ಅಂತ ಅಕ್ಕಪಕ್ಕದವರು ಮೊದಲೇ ಒಪ್ಪಂದ ಮಾಡಿಕೊಳ್ಳುತ್ತಾರೆ. ರಕ್ತದ ಜಾಡು ಹಿಡಿಯಲು ಪಳಗಿಸಿದ ನಾಯಿಗಳಿವೆ. ಪ್ರಾಣಿ ನರಳಬಾರದು ಅನ್ನುವುದು ಅಲ್ಲಿ ಕಾನೂನಿನಲ್ಲೇ ಇದೆ. ನಮ್ಮಲ್ಲಿ ಜಾಡು ಹಿಡಿಯುವ ಕೆಲಸ ಅರಣ್ಯ ಇಲಾಖೆಯದ್ದು, ನಮ್ಮ ನಿಮ್ಮದಲ್ಲ. ಗಾಯದ ಹಂದಿ ಸತ್ತ ಹಾಗೆ ಬಿದ್ದಿದ್ದು ತಟ್ಟನೆ ಎದ್ದು ಹಾಯುತ್ತದೆ. ಸುಮ್ನೆ ಹತ್ತಿರ ಹೋಗಬೇಡಿ. ನಾಯಿ ಕಟ್ಟಿಹಾಕಿ, ಮಕ್ಕಳನ್ನು ಒಳಗೆ ಕಳಿಸಿ.

ಆ ದಿನ ನಾನು ಫೋನ್ ಮಾಡಿದೆ. ಗಾರ್ಡ್ ಬರುವಷ್ಟರಲ್ಲಿ ಹಂದಿಯ ಉಸಿರು ನಿಂತಿತ್ತು. ದಣಪೆ ಹತ್ತಿರ ಇದ್ದವರು ಹೊರಟುಹೋಗಿದ್ದರು. ಮಧ್ಯಾಹ್ನ ಗಾರ್ಡ್ ಜೊತೆ ಬೇಲಿಯುದ್ದಕ್ಕೂ ನಡೆದೆ. ಇನ್ನೂ ನಾಲ್ಕು ಉರುಳು ಸಿಕ್ಕವು. ಒಂದು ನಮ್ಮ ಬೇಲಿಯ ಒಳಗೇ ಇತ್ತು.